ಕಡಿಮೆ ದುಡ್ಡಿನ ಗೇಮಿಂಗ್ ಪಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿ ಮುಂದೆ ನಿಂತಾಗ ಕೇಳಿದವರಿದ್ದಾರೆ, ರಾತ್ರಿ ಹನ್ನೊಂದಕ್ಕೆ ಕೊಟೇಶನ್ ಚೀಟಿಯ ಫೋಟೊ ಕಳಿಸಿ ಕೇಳಿದವರೂ ಇದ್ದಾರೆ. ಅವರವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ರೂಪಾಯಿ ಲೆಕ್ಕದ ಬೆಲೆಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ವಾರದ ರೇಟು ಮುಂದಿನ ತಿಂಗಳು ನಗೆಪಾಟಲಾಗುತ್ತದೆ.

## ದುಡ್ಡು ತೆಗೆಯುವ ಮುನ್ನ

ಅಣ್ಣಾ, ಬಜೆಟ್ ಗೇಮಿಂಗ್ ಪಿಸಿ ಅಂದ್ರೆ ಎಷ್ಟು ದುಡ್ಡು ಇಟ್ಕೋಬೇಕು?

ಯಾವ ಆಟ ಆಡ್ತೀರಿ, ಯಾವ ಮಾನಿಟರ್‌ನಲ್ಲಿ ಆಡ್ತೀರಿ, ಇವೆರಡನ್ನು ಮೊದಲು ಹೇಳಿ. ದಿನವೂ ವ್ಯಾಲರೆಂಟ್, ಸಿಎಸ್ 2 ಆಡುವವರಿಗೆ ಬರೆದುಕೊಟ್ಟ ಪಟ್ಟಿ ಸೈಬರ್‌ಪಂಕ್ 2077 ಆಡುವವರಿಗೆ ಹೊಂದುವುದಿಲ್ಲ. ಮೊದಲನೆಯವರಿಗೆ ಪ್ರೊಸೆಸರ್ ಮುಖ್ಯ, ಎರಡನೆಯವರಿಗೆ ಗ್ರಾಫಿಕ್ಸ್ ಕಾರ್ಡ್.

ಸಾಮಾನ್ಯವಾಗಿ 1080ಪಿ (1920×1080 ಚುಕ್ಕಿಗಳ) ಪರದೆಗೆ ಪಿಸಿ ಕಟ್ಟುವಾಗ ನಾನು ದುಡ್ಡನ್ನು ಹೀಗೆ ಹಂಚುತ್ತೇನೆ. ಕ್ಯಾಬಿನೆಟ್ಟಿನೊಳಗೆ ಹೋಗುವುದಕ್ಕೆಲ್ಲ ನೂರು ರೂಪಾಯಿ ಎಂದುಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ 35ರಿಂದ 40, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 25ರಿಂದ 28, ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ 20ರಿಂದ 25, ಉಳಿದದ್ದು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬ) ಮತ್ತು ಕ್ಯಾಬಿನೆಟ್ಟಿಗೆ. ಪ್ರೊಸೆಸರ್‌ಗೆ ಕಾರ್ಡಿಗಿಂತ ಹೆಚ್ಚು ದುಡ್ಡು ಹೋಗುತ್ತಿದ್ದರೆ ಪಟ್ಟಿಯಲ್ಲಿ ಎಲ್ಲೋ ಎಡವಟ್ಟಾಗಿದೆ.

ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ಯುಪಿಎಸ್ ಈ ನೂರರೊಳಗೆ ಬರುವುದಿಲ್ಲ, ಬೇರೆಯಾಗಿ ತೆಗೆದಿಡಿ. ಇದ್ದಬದ್ದ ದುಡ್ಡೆಲ್ಲ ಡಬ್ಬಕ್ಕೆ ಸುರಿದು, ಕೊನೆಗೆ 60 ಹರ್ಟ್ಸ್‌ನ ಹಳೇ ಆಫೀಸ್ ಮಾನಿಟರ್‌ಗೆ ಜೋಡಿಸಿದವರನ್ನು ನೋಡಿದ್ದೇನೆ. ಕಾರ್ಡು ಸೆಕೆಂಡಿಗೆ 144 ಫ್ರೇಮ್ (ಎಫ್‌ಪಿಎಸ್ ಅಂದರೆ ಇದೇ) ಕೊಟ್ಟರೂ ಪರದೆ ತೋರಿಸುವುದು 60 ಮಾತ್ರ.

ಮಗ ಗೇಮಿಂಗ್ ಪಿಸಿ ಬೇಕು, ಓದೋಕೂ ಆಗುತ್ತೆ ಅಂತ ಹಠ ಹಿಡಿದಿದ್ದಾನೆ. ಮಾಮೂಲಿ ಲ್ಯಾಪ್‌ಟಾಪ್ ಸಾಲಲ್ವಾ?

ಹುಡುಗ ಹಾಸ್ಟೆಲ್‌ಗೆ ಹೋಗುವವನಾದರೆ ಲ್ಯಾಪ್‌ಟಾಪೇ ಸರಿ, ಈ ಪುಟ ನಿಮಗೆ ಬೇಡ. ಮನೆಯಿಂದಲೇ ಕಾಲೇಜಿಗೆ ಹೋಗಿಬರುವವನಾದರೆ ಅವನ ಮಾತಿನಲ್ಲಿ ಹುರುಳಿದೆ. ಆಟಕ್ಕೆ ಬೇಕಾದ ಭಾಗಗಳೇ ಕ್ಯಾಡ್, ಬ್ಲೆಂಡರ್, ವಿಡಿಯೊ ಎಡಿಟಿಂಗ್‌ಗೂ ಬೇಕು. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಲ್ಯಾಪ್‌ಟಾಪ್‌ಗಿಂತ ಜೋರಾಗಿ ಓಡುತ್ತದೆ, ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಿದರೆ ಸಾಕು. ರಾತ್ರಿ ಎರಡರವರೆಗೆ ಆಡಿದರೆ ಏನು ಮಾಡುವುದು ಎಂಬ ಪ್ರಶ್ನೆಗೆ ನನ್ನಲ್ಲಿ ಪಾರ್ಟ್ ನಂಬರ್ ಇಲ್ಲ.

ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓಡಿಸಿ, ಸಂಬಳ ಬಂದ್ಮೇಲೆ ಹಾಕಿಸ್ಬಹುದಾ?

ಹಾಕಿಸಬಹುದು, ಪ್ರೊಸೆಸರ್ ನೋಡಿ ತಗೊಂಡಿದ್ದರೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ5-12400ಎಫ್, ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ಬರುವವರೆಗೆ ಪರದೆ ಕಪ್ಪಗೇ ಇರುತ್ತದೆ. ಎಎಂಡಿಯ ರೈಜನ್ 5 5600ದಲ್ಲೂ ಇಲ್ಲ. ರೈಜನ್ 5 5600ಜಿ ಮತ್ತು ಎಎಂ5 ಸಾಕೆಟ್ಟಿನ (ಎಎಂಡಿಯ ಹೊಸ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ; ಹಳೆಯದು ಎಎಂ4, 5600 ಕೂರುವುದು ಅದರಲ್ಲಿ) 8600ಜಿ ಒಳಗೆ ಆಟ ಆಡುವಷ್ಟು ಗ್ರಾಫಿಕ್ಸ್ ಇದೆ. ವ್ಯಾಲರೆಂಟ್, ಜಿಟಿಎ 5ನ್ನು ಸೆಟ್ಟಿಂಗ್ ಇಳಿಸಿ ಆಡಬಹುದು.

ಇಂಥ ಪ್ರೊಸೆಸರ್‌ಗೆ ರ್‍ಯಾಮ್ ಎರಡು ಕಡ್ಡಿಯಾಗಿಯೇ ಇರಬೇಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮಿನಲ್ಲೇ ಪಾಲು ಕೇಳುತ್ತದೆ. ಒಂದೇ ಕಡ್ಡಿ ಹಾಕಿದರೆ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ: 5600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ದಲ್ಲಿ 32 ಎಂಬಿ. ಮುಂದೆ ಕಾರ್ಡ್ ಹಾಕಿದಾಗ 5600 ಮುಂದಿರುತ್ತದೆ. ಎರಡು-ಮೂರು ತಿಂಗಳಲ್ಲಿ ಕಾರ್ಡ್ ಬರುವುದು ಖಂಡಿತವಾಗಿದ್ದರೆ ಕಾಯಿರಿ, 5600 ತಗೊಳ್ಳಿ. ಬರುವುದು ಅನುಮಾನವಾಗಿದ್ದರೆ 5600ಜಿ.

ಐ7 ಸಿಸ್ಟಮ್, ಕಾಲು ಬೆಲೆಗೆ ಸಿಕ್ತಿದೆ. ಐ7 ಅಂದ್ಮೇಲೆ ಐ3ಗಿಂತ ಒಳ್ಳೇದೇ ತಾನೇ?

ಯಾವ ವರ್ಷದ ಐ7 ಎಂದು ಕೇಳಿ. ಕಂಪನಿಗಳು ಹೊರಗೆ ಹಾಕಿದ ಆಫೀಸ್ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಐ7-4770 ಥರದ್ದು. ಅದು 2013ರದ್ದು, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ಸಾಗುವ ಕೆಲಸ). 2022ರ ಐ3-12100ಎಫ್ ಕೂಡ ನಾಲ್ಕು ಕೋರ್, ಎಂಟು ಥ್ರೆಡ್ಡೇ, ಆದರೆ ಆಟದಲ್ಲಿ ಅದನ್ನು ಬಹಳ ಹಿಂದೆ ಬಿಡುತ್ತದೆ. ಹಳೇ ಐ7ಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ.

ಆಫೀಸ್ ಡಬ್ಬದ ಇನ್ನೊಂದು ತೊಡಕು ಎಸ್‌ಎಂಪಿಎಸ್. ದೊಡ್ಡ ಕಂಪನಿಗಳು ತಮ್ಮದೇ ಅಳತೆಯ ಎಸ್‌ಎಂಪಿಎಸ್ ಹಾಕಿರುತ್ತವೆ, ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಕರೆಂಟ್ ಕನೆಕ್ಟರ್ ಅದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಸಣ್ಣ ಡಬ್ಬವಾದರೆ ಪೂರ್ತಿ ಎತ್ತರದ ಕಾರ್ಡ್ ಒಳಗೇ ಹೋಗದು.

## ಒಂದೊಂದೇ ಭಾಗ

ಎಎಂಡಿನಾ, ಇಂಟೆಲ್ಲಾ?

ಈ ಜಗಳದಲ್ಲಿ ನಾನಿಲ್ಲ. ಆ ದಿನ ಬೋರ್ಡ್ ಸೇರಿ ಯಾವುದು ಅಗ್ಗವೋ ಅದು. ರೈಜನ್ 5 5600 ಮತ್ತು ಐ5-12400ಎಫ್ ಎರಡೂ ಆರು ಕೋರ್, ಹನ್ನೆರಡು ಥ್ರೆಡ್, ಎರಡೂ 2022ರವು, ಬಜೆಟ್ ಕಾರ್ಡಿನ ಜೊತೆ ಆಡುವಾಗ ವ್ಯತ್ಯಾಸ ಕಣ್ಣಿಗೆ ಬೀಳದು. ಎರಡರ ಡಬ್ಬದಲ್ಲೂ ಕೂಲರ್ ಬರುತ್ತದೆ. ಡಬ್ಬವಿಲ್ಲದೆ ಟ್ರೇಯಲ್ಲಿ ಬರುವ ಪ್ರೊಸೆಸರ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ಆದರೆ ಅದಕ್ಕೆ ಕೂಲರ್ ಇಲ್ಲ, ವಾರಂಟಿಯೂ ಅಂಗಡಿಯವರ ಬಾಯಿಮಾತಿನಲ್ಲೇ ಉಳಿಯಬಹುದು.

ಇಂಟೆಲ್ 13, 14ನೇ ಪೀಳಿಗೆಯ ಪ್ರೊಸೆಸರ್ ಹಾಳಾಗುತ್ತವೆ ಎಂದು ಕೇಳಿ ಹೆದರಿದವರು ಬಹಳ. ಆ ತೊಂದರೆ ಬಂದದ್ದು ಆ ಪೀಳಿಗೆಯ ಮೇಲ್ದರ್ಜೆಯ ಮಾದರಿಗಳಿಗೆ. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. 12ನೇ ಪೀಳಿಗೆಗೆ ಅದು ತಟ್ಟಿಲ್ಲ.

ಗ್ರಾಫಿಕ್ಸ್ ಕಾರ್ಡ್ ಯಾವುದು ತಗೊಳ್ಲಿ? 8 ಜಿಬಿ ಸಾಕಾಗುತ್ತಾ?

1080ಪಿಯಲ್ಲಿ, ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ಒಂದು ಮೆಟ್ಟಿಲು ಇಳಿಸಲು ಬೇಸರವಿಲ್ಲದಿದ್ದರೆ, ಕಾರ್ಡಿನ ಸ್ವಂತ ಮೆಮೊರಿ 8 ಜಿಬಿ ಇದ್ದರೆ ಇವತ್ತಿಗೆ ನಡೆಯುತ್ತದೆ. 4 ಜಿಬಿಗೆ ದುಡ್ಡು ಹಾಕಬೇಡಿ. 12 ಅಥವಾ 16 ಜಿಬಿ ಕೈಗೆಟುಕಿದರೆ ತಗೊಳ್ಳಿ, ಮುಂದಿನ ವರ್ಷಗಳಲ್ಲಿ ಆ ದುಡ್ಡು ಕೆಲಸಕ್ಕೆ ಬರುತ್ತದೆ.

ಕೆಳಗಿನ ಮಟ್ಟದಲ್ಲಿ ರೇಡಿಯಾನ್ ಆರ್‌ಎಕ್ಸ್ 6600 ಬಹಳ ದಿನ ನಾನು ಕಣ್ಣುಮುಚ್ಚಿ ಹೇಳುತ್ತಿದ್ದ ಕಾರ್ಡು: 2021ರದ್ದು, 8 ಜಿಬಿ, ಎಳೆಯುವುದು 132 ವ್ಯಾಟ್ ಮಾತ್ರ. ಅದರ ಮೇಲೆ ಜಿಫೋರ್ಸ್ ಆರ್‌ಟಿಎಕ್ಸ್ 4060, 5060, ಇವೆರಡೂ 8 ಜಿಬಿ. ಇಂಟೆಲ್ ಆರ್ಕ್ ಬಿ580 12 ಜಿಬಿ ಕೊಡುತ್ತದೆ. ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ 8 ಮತ್ತು 16 ಎರಡರಲ್ಲೂ ಇದೆ. ಡಬ್ಬದ ಮೇಲಿನ ಸಂಖ್ಯೆ ನೋಡಿಯೇ ದುಡ್ಡು ಕೊಡಿ.

ಜನ ಹೆಚ್ಚು ಮೋಸ ಹೋಗುವುದು ಒಂದೇ ಹೆಸರಿನ ಎರಡು ಕಾರ್ಡುಗಳಲ್ಲಿ. ಆರ್‌ಟಿಎಕ್ಸ್ 3050 ಎಂದರೆ ಮೂಲದಲ್ಲಿ 8 ಜಿಬಿ, 2560 ಕೋರ್, 128 ಬಿಟ್ (ಕಾರ್ಡಿನ ಮೆಮೊರಿಗೆ ಹೋಗುವ ದಾರಿಯ ಅಗಲ). 2024ರಲ್ಲಿ ಅದೇ ಹೆಸರಲ್ಲಿ 6 ಜಿಬಿ ಕಾರ್ಡ್ ಬಂತು: 2304 ಕೋರ್, 96 ಬಿಟ್. ಬರೀ ಮೆಮೊರಿ ಕಡಿಮೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ, ನಿಜದಲ್ಲಿ ಅದು ಬೇರೆಯೇ ದರ್ಜೆಯ ಕಾರ್ಡು. ಅದಕ್ಕಿರುವ ಒಂದೇ ಹೆಚ್ಚುಗಾರಿಕೆ 70 ವ್ಯಾಟ್‌ನಲ್ಲಿ ಓಡುವುದು. ಬೇರೆ ಕರೆಂಟ್ ಕನೆಕ್ಟರ್ ಇಲ್ಲದ ಹಳೇ ಡಬ್ಬಕ್ಕೆ ಅದು ಹೊಂದುತ್ತದೆ. ಆರ್‌ಟಿಎಕ್ಸ್ 3060 ಕಥೆಯೂ ಇದೇ: 12 ಜಿಬಿಯದ್ದು 192 ಬಿಟ್, ಆಮೇಲೆ ಬಂದ 8 ಜಿಬಿಯದ್ದು 128 ಬಿಟ್.

ಕಾರ್ಡಿಗೆ ಎರಡು ಫ್ಯಾನೋ ಮೂರು ಫ್ಯಾನೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಇಷ್ಟು ಕಡಿಮೆ ವ್ಯಾಟ್‌ಗೆ ಎರಡು ಫ್ಯಾನ್ ಧಾರಾಳ.

ರ್‍ಯಾಮ್ ರೇಟ್ ಕೇಳಿ ತಲೆ ತಿರುಗಿತು. 8 ಜಿಬಿಲಿ ಸುಧಾರಿಸ್ಬಹುದಾ?

2025ರ ಕೊನೆಯ ತಿಂಗಳುಗಳಿಂದ ಏರಿದ ರೇಟು ಇದು. ಮೆಮೊರಿ ಮಾಡುವ ಕಂಪನಿಗಳು ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಚಿಪ್ಪುಗಳ ಕಡೆಗೆ ವಾಲಿದವು. ಮೈಕ್ರಾನ್ ಕಂಪನಿಯಂತೂ ತನ್ನ ಕ್ರೂಷಿಯಲ್ ಹೆಸರಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಎಸ್.ಪಿ. ರೋಡಿನಲ್ಲಿ ಎಷ್ಟು ಚೌಕಾಸಿ ಮಾಡಿದರೂ ಇದು ಇಳಿಯುವ ಬಾಬತ್ತಲ್ಲ.

ಹಾಗಂತ 8 ಜಿಬಿಗೆ ಇಳಿಯಬೇಡಿ. ವಿಂಡೋಸ್ 11, ಡಿಸ್ಕಾರ್ಡ್, ನಾಲ್ಕು ಬ್ರೌಸರ್ ಟ್ಯಾಬ್ ತೆರೆದರೆ ಆಟಕ್ಕೆ ಉಳಿಯುವುದು ಪುಡಿಗಾಸು, ನಿಮಿಷಕ್ಕೊಮ್ಮೆ ಆಟ ತಡವರಿಸುತ್ತದೆ. 8 ಜಿಬಿಯ ಎರಡು ಕಡ್ಡಿ, ಒಟ್ಟು 16, ಇದು ಕನಿಷ್ಠ. ಮನೆಯಲ್ಲಿ ಹಳೇ ಡೆಸ್ಕ್‌ಟಾಪ್‌ನ ಡಿಡಿಆರ್4 (ಹಿಂದಿನ ಪೀಳಿಗೆಯ ರ್‍ಯಾಮ್) ಕಡ್ಡಿಗಳಿದ್ದರೆ ಅವೇ ಈಗ ಆಸ್ತಿ. ಅವನ್ನಿಟ್ಟುಕೊಂಡು ಎಎಂ4 ಅಥವಾ ಡಿಡಿಆರ್4 ತಗೊಳ್ಳುವ ಇಂಟೆಲ್ ಬೋರ್ಡಿಗೆ ಹೋಗಿ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಧೈರ್ಯವಾಗಿ ತಗೊಳ್ಳಿ ಎನ್ನುವ ಭಾಗವೂ ರ್‍ಯಾಮೇ. ತಂದ ರಾತ್ರಿ ಮೆಮ್‌ಟೆಸ್ಟ್86 ಎಂಬ ರ್‍ಯಾಮ್ ಪರೀಕ್ಷೆಯ ತಂತ್ರಾಂಶ ಹಾಕಿ ಮಲಗಿ, ಬೆಳಗ್ಗೆ ಒಂದು ತಪ್ಪು ತೋರಿಸಿದರೂ ವಾಪಸ್ ಮಾಡಿ.

ಎಸ್‌ಎಸ್‌ಡಿ 256 ಸಾಕಾ? ಜೆನ್ 4 ಬೇಕೇ ಬೇಕಾ?

256 ಸಾಲದು. ಕಾಲ್ ಆಫ್ ಡ್ಯೂಟಿ ಒಂದೇ 100 ಜಿಬಿ ದಾಟುತ್ತದೆ. 500 ಜಿಬಿ ಕನಿಷ್ಠ. ಜೆನ್ 3, ಜೆನ್ 4 (ಎಸ್‌ಎಸ್‌ಡಿ ಬೋರ್ಡಿಗೆ ಸೇರುವ ದಾರಿಯ ಪೀಳಿಗೆಗಳು) ನಡುವಿನ ವ್ಯತ್ಯಾಸ ಆಟ ತೆರೆಯುವಾಗ ಗೊತ್ತಾಗುವುದೇ ಕಷ್ಟ, ಅಗ್ಗದ್ದು ತಗೊಳ್ಳಿ. ಹಾರ್ಡ್ ಡಿಸ್ಕ್ ಮದುವೆ ವಿಡಿಯೊ ಇಡಲು ಸರಿ, ಆಟಕ್ಕೆ ಬೇಡ.

ಕ್ಯಾಬಿನೆಟ್ ಜೊತೆ 450 ವ್ಯಾಟ್ ಎಸ್‌ಎಂಪಿಎಸ್ ಫ್ರೀ ಅಂತೆ. ತಗೊಂಡ್ರೆ ಉಳಿತಾಯ ಅಲ್ವಾ?

ಆ ಎಸ್‌ಎಂಪಿಎಸ್ ಪಕ್ಕಕ್ಕೆ ಅಂಟಿಸಿದ ಚೀಟಿ ಓದಿ. ದೊಡ್ಡಕ್ಷರದಲ್ಲಿ 450 ಇರುತ್ತದೆ. ಕೆಳಗೆ ಸಣ್ಣ ಪಟ್ಟಿಯೊಂದಿದೆ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಒಂದೊಂದರ ಮುಂದೆ ಎಷ್ಟು ಆಂಪಿಯರ್ ಎಂಬ ಸಂಖ್ಯೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು 12 ವೋಲ್ಟಿನ ಸಾಲಿನಿಂದ. ಅಲ್ಲಿ 18 ಆಂಪಿಯರ್ ಎಂದಿದ್ದರೆ 12 × 18 = 216 ವ್ಯಾಟ್. ನಿಮ್ಮ ಪಿಸಿಯ ಪಾಲಿಗೆ ಆ ಎಸ್‌ಎಂಪಿಎಸ್ 216 ವ್ಯಾಟಿನದು, 450 ಅಲ್ಲ.

ಈಗ ಖರ್ಚು ಕೂಡಿ. ಆರ್‌ಎಕ್ಸ್ 6600ಕ್ಕೆ 132, ರೈಜನ್ 5 5600 ಜೋರಾಗಿ ಓಡುವಾಗ 76, ಅಲ್ಲಿಗೇ 208. ಫ್ಯಾನ್, ಬೋರ್ಡ್, ಎಸ್‌ಎಸ್‌ಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಗ್ರಾಫಿಕ್ಸ್ ಕಾರ್ಡು ಕಣ್ಣುಮಿಟುಕಿಸುವಷ್ಟರಲ್ಲಿ ಹೆಸರಿಗಿಂತ ಹೆಚ್ಚು ಎಳೆದು ಇಳಿಯುತ್ತದೆ, ಅದೂ ಬಂದಿಲ್ಲ. ಆಟ ರಂಗೇರಿದಾಗ ಪಿಸಿ ತಟ್ಟನೆ ಆಫ್ ಆಗಿ ಮತ್ತೆ ಆನ್ ಆಗುವುದಕ್ಕೆ ಇದೇ ಕಾರಣ. ಅಲ್ಲಿಗೆ ನಿಂತರೆ ಪುಣ್ಯ. ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿರುವ, ಕನಿಷ್ಠ ಮೂರು ವರ್ಷ ವಾರಂಟಿಯ 550 ವ್ಯಾಟ್ ಸಾಕು. 80 ಪ್ಲಸ್ ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ, ಗಟ್ಟಿತನವನ್ನಲ್ಲ. ಆದ್ದರಿಂದ ವಾರಂಟಿಯ ವರ್ಷಗಳನ್ನೂ ನೋಡಿ. ತನ್ನ ಮಾಲಿನ ಮೇಲೆ ನಂಬಿಕೆ ಇಲ್ಲದ ಕಂಪನಿ ಐದು ವರ್ಷ ಬರೆಯುವುದಿಲ್ಲ. ದುಡ್ಡು ಸಾಲದೆ ಬಂದರೆ ಕಾರ್ಡನ್ನು ಒಂದು ದರ್ಜೆ ಇಳಿಸಿ, ಎಸ್‌ಎಂಪಿಎಸ್ ಮಾತ್ರ ಇಳಿಸಬೇಡಿ.

ಮುಂದೆ ಗಾಜು, ಒಳಗೆ ಕಲರ್ ಲೈಟ್ ಇರೋ ಕ್ಯಾಬಿನೆಟ್ ಹೇಗೆ?

ನೋಡಲು ಚೆಂದ. ಗಾಜಿನೊಳಗಿಂದ ಗಾಳಿ ಬರುವುದಿಲ್ಲ. ಮುಂದೆ ಜಾಲರಿ ಇರುವುದನ್ನು ತಗೊಳ್ಳಿ, ಲೈಟ್ ಬೇಕಿದ್ದರೆ ಜಾಲರಿಯ ಹಿಂದೆಯೂ ಮಿನುಗುತ್ತದೆ.

ಮದರ್‌ಬೋರ್ಡ್‌ಗೆ ಜಾಸ್ತಿ ಹಾಕ್ಬೇಕಾ?

ಬೇಡ. 5600ಕ್ಕೆ ಬಿ450 ಅಥವಾ ಬಿ550, 12400ಎಫ್‌ಗೆ ಎಚ್610 ಅಥವಾ ಬಿ660 ಸಾಕು. ಎಚ್610 ಬೋರ್ಡುಗಳಲ್ಲಿ ರ್‍ಯಾಮಿಗೆ ಎರಡೇ ಜಾಗ, ತಿಳಿದಿರಲಿ. ಬಿ450 ತಗೊಂಡರೆ ಅಂಗಡಿಯಲ್ಲೇ ಪ್ರೊಸೆಸರ್ ಕೂರಿಸಿ ಆನ್ ಮಾಡಿ ತೋರಿಸಲು ಹೇಳಿ. ಹಳೇ ಸ್ಟಾಕಿನ ಬೋರ್ಡಿನ ಬಯಾಸ್‌ಗೆ (ಪಿಸಿ ಆನ್ ಆದೊಡನೆ ಓಡುವ ಬೋರ್ಡಿನ ತಂತ್ರಾಂಶ) 5000 ಸರಣಿಯ ಗುರುತೇ ಇರುವುದಿಲ್ಲ. ಎಎಂ5 ಬೋರ್ಡುಗಳು ಡಿಡಿಆರ್5 ಮಾತ್ರ ತಗೊಳ್ಳುತ್ತವೆ.

## ಅಂಗಡಿಯಲ್ಲಿ

ಎಸ್.ಪಿ. ರೋಡಿಗೆ ಹೋಗೋದಾ, ಆನ್‌ಲೈನ್ ತರಿಸೋದಾ?

ಎರಡರ ರೇಟನ್ನೂ ಕೈಯಲ್ಲಿಟ್ಟುಕೊಂಡು ಹೋಗಿ. ಒಂದೇ ದಿನ ಎಲ್ಲ ಬೇಕು, ಜೋಡಿಸಿಯೂ ಕೊಡಬೇಕು ಎನ್ನುವವರಿಗೆ ಸದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡು, ಈಗಲೂ ಅನುಕೂಲ. ಭಾನುವಾರ ಹೋದರೆ ಬಾಗಿಲು ಹಾಕಿದ ಅಂಗಡಿಗಳೇ ಹೆಚ್ಚು. ಸ್ವಂತ ಗಾಡಿಯಲ್ಲಿ ಹೋಗಿ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ ಮೆಟ್ರೋ ವಾಸಿ.

ಅಂಗಡಿಯವರು ಕೊಡುವ ಕೊಟೇಶನ್ ಚೀಟಿ ಸಾಮಾನ್ಯವಾಗಿ ಹೀಗಿರುತ್ತದೆ: ‘ರೈಜನ್ 5 – 1, ಬೋರ್ಡ್ – 1, 16 ಜಿಬಿ – 1, 512 – 1, 3050 – 1, 500 ವ್ಯಾಟ್ – 1’, ಕೆಳಗೊಂದು ಮೊತ್ತ. ಇದರಲ್ಲಿ ಒಂದು ಸಾಲೂ ಸರಕನ್ನು ಹೇಳುವುದಿಲ್ಲ. ರೈಜನ್ 5 ಎಂದರೆ 4500 ಇರಬಹುದು, 7600 ಇರಬಹುದು. 16 ಜಿಬಿ ಎಂದರೆ ಒಂದು ಕಡ್ಡಿಯೋ ಎರಡೋ? 512 ಎಂದರೆ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಯೋ ನಿಧಾನದ ಸಾಟಾ ಎಸ್‌ಎಸ್‌ಡಿಯೋ? 3050 ಬಗ್ಗೆ ಮೇಲೆ ಹೇಳಿದ್ದೇನೆ. ಪ್ರತಿ ಸಾಲಿಗೂ ಕಂಪನಿ ಹೆಸರು, ಪೂರ್ತಿ ಮಾಡೆಲ್ ನಂಬರ್, ಬಿಡಿ ಬೆಲೆ, ವಾರಂಟಿ ವರ್ಷ ಬರೆಸಿಕೊಳ್ಳಿ. ಬರೆಯಲು ಗೊಣಗುವ ಅಂಗಡಿಯಿಂದ ಪಕ್ಕದ ಅಂಗಡಿ ನಾಲ್ಕೇ ಹೆಜ್ಜೆ.

‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ’ ಎಂಬ ಮಾತು ಬಂದೇ ಬರುತ್ತದೆ. ಪಾರ್ಟುಗಳ ಮೇಲೆ ಜಿಎಸ್‌ಟಿ 18%, ಉಳಿತಾಯ ದೊಡ್ಡದಾಗಿ ಕಾಣುತ್ತದೆ. ಆದರೆ ಎರಡನೇ ವರ್ಷ ಕಾರ್ಡ್ ಕೆಟ್ಟಾಗ ಸರ್ವಿಸ್ ಸೆಂಟರ್ ಕೇಳುವ ಮೊದಲ ಕಾಗದವೇ ಬಿಲ್ಲು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಹಾಕಿಸಿ, ಡಬ್ಬದ ಮೇಲಿನದಕ್ಕೆ ತಾಳೆ ನೋಡಿ, ಖಾಲಿ ಡಬ್ಬಗಳನ್ನು ಅಟ್ಟದ ಮೇಲಿಡಿ.

ಮೈನಿಂಗ್‌ಗೆ ಬಳಸಿದ ಕಾರ್ಡ್ ಅಂತ ಗೊತ್ತಾಗೋದು ಹೇಗೆ? ಸೆಕೆಂಡ್ ಹ್ಯಾಂಡ್ ನಂಬ್ಬಹುದಾ?

ಮೈನಿಂಗ್ ಎಂದರೆ ಕಾರ್ಡನ್ನು ಹಗಲೂ ರಾತ್ರಿ ಲೆಕ್ಕಕ್ಕೆ ಹಚ್ಚಿ ಕ್ರಿಪ್ಟೊ ನಾಣ್ಯ ಗಳಿಸುವುದು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಮ್ ಎಂಬ ನಾಣ್ಯ ಇಂಥ ಲೆಕ್ಕ ಬೇಡದ ವಿಧಾನಕ್ಕೆ ಬದಲಾದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ಭರಾಟೆ ನಿಂತು, ರಾಶಿ ರಾಶಿ ಕಾರ್ಡು ಹೊರಬಂದವು. ಹಾಗೆ ದುಡಿದದ್ದೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆಚ್ಚಾಗಿ ಸವೆದಿರುವುದು ಫ್ಯಾನು ಮತ್ತು ಥರ್ಮಲ್ ಪ್ಯಾಡು. ಮಾರುವವರ ಮನೆಗೇ ಹೋಗಿ, ನಿಮ್ಮೆದುರೇ ಅರ್ಧ ಗಂಟೆ ಭಾರದ ಆಟ ಓಡಿಸಲು ಹೇಳಿ. ಪರದೆಯಲ್ಲಿ ಚುಕ್ಕಿ, ಗೆರೆ, ಕಪ್ಪು ಮಿಂಚು ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ, ಏಕೆಂದು ಕೇಳಿ.

ಮೈನಿಂಗ್ ಕಾರ್ಡಿಗಿಂತ ನಕಲಿ ಕಾರ್ಡಿಗೆ ಹೆಚ್ಚು ಹೆದರಿ. ಹತ್ತು ವರ್ಷಕ್ಕೂ ಹಳೆಯ ಚಿಪ್ಪಿಗೆ ಬೇರೆ ಬಯಾಸ್ ತುಂಬಿ ಜಿಟಿಎಕ್ಸ್ 1050 ಟಿಐ ಎಂದು ಮಾರುತ್ತಾರೆ, ವಿಂಡೋಸ್ ಕೂಡ ಆ ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಓಡಿಸಿ. ಇಂಥವನ್ನು ಪತ್ತೆ ಹಚ್ಚಿದರೆ ಹೆಸರಿನ ಮುಂದೆ ‘ಫೇಕ್’ ಎಂದು ಬರೆಯುತ್ತದೆ. ಆರ್‌ಎಕ್ಸ್ 580 ಎಂದರೆ 2304 ಶೇಡರ್ (ಕಾರ್ಡಿನ ಕೋರ್) ಇರಬೇಕು. 2048 ತೋರಿಸಿದರೆ ಅದು ಚೀನಾ ಮಾರುಕಟ್ಟೆಗೆ ಬಂದ ಇಳಿಕೆಯ ಮಾದರಿ, ಶಕ್ತಿಯಲ್ಲಿ 570ರ ಸಮ.

ಭಾವ ದುಬೈಯಿಂದ ಬರ್ತಿದ್ದಾರೆ. ಕಾರ್ಡ್ ಅಲ್ಲಿಂದ ತರಿಸ್ಲಾ?

ಬೆಲೆಯ ವ್ಯತ್ಯಾಸ ದೊಡ್ಡದಾಗಿದ್ದರೆ ಮಾತ್ರ. ಗ್ರಾಫಿಕ್ಸ್ ಕಾರ್ಡಿನ ವಾರಂಟಿ ಕೊಂಡ ದೇಶಕ್ಕೇ ಸೀಮಿತವಾಗಿರುವುದು ಸಾಮಾನ್ಯ. ಕೆಟ್ಟರೆ ಭಾವನ ಮುಂದಿನ ರಜೆಯವರೆಗೆ ಕಾಯಬೇಕು. ಕಸ್ಟಮ್ಸ್‌ನ ಸುಂಕವಿಲ್ಲದ ಮಿತಿಯೊಳಗೆ ಅವರ ಉಳಿದ ಸಾಮಾನೂ ಸೇರುತ್ತದೆ. ಬಿಲ್ಲು ಕೈಚೀಲದಲ್ಲಿರಲಿ, ಕಾರ್ಡೂ ಕೈಚೀಲದಲ್ಲೇ ಬರಲಿ.

## ಕರೆಂಟು, ಬಿಸಿಲು, ಮಳೆ

ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ. ಪಾರ್ಟ್ ಕೆಟ್ಟಿದ್ಯಾ?

ಪಾರ್ಟ್ ಚೆನ್ನಾಗಿರಬಹುದು, ನಿಮ್ಮ ಮನೆಯ ಅರ್ಥಿಂಗ್ ಕೆಟ್ಟಿದೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗಲಾಟೆ ಸೋಸಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಅವು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಲೋಹದ ಮೈಗೆ ಜೋಡಿಸಿರುತ್ತವೆ. ಅರ್ಥ್ ಸರಿಯಿದ್ದರೆ ಆ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೈಮೇಲೆ 230ರ ಅರ್ಧ, ನೂರಹತ್ತರ ಆಸುಪಾಸಿನ ವೋಲ್ಟ್ ನಿಂತುಬಿಡುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಹೊತ್ತಿಕೊಳ್ಳುತ್ತದೆ. ಕರೆಂಟಿನ ಪ್ರಮಾಣ ಬಹಳ ಕಡಿಮೆ, ಆದರೆ ಅದೇ ಸ್ಥಿತಿಯಲ್ಲಿ ಎಚ್‌ಡಿಎಂಐ ಅಥವಾ ಯುಎಸ್‌ಬಿ ಕೇಬಲ್ ಚುಚ್ಚಿದಾಗ ಪೋರ್ಟ್ ಸುಟ್ಟದ್ದುಂಟು.

ಎಲೆಕ್ಟ್ರಿಷಿಯನ್ ಕರೆಸಿ, ಸಾಕೆಟ್‌ನಲ್ಲಿ ಮೀಟರ್ ಇಡಲು ಹೇಳಿ. ಫೇಸ್‌ನಿಂದ ಅರ್ಥ್‌ಗೆ 230ರ ಸುತ್ತಮುತ್ತ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಇರಬೇಕು. ಹಳೇ ಮನೆಗಳಲ್ಲಿ ಉಪ್ಪು-ಇದ್ದಿಲು ಹಾಕಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿಹೋಗಿರುತ್ತದೆ, ಎರಡು ಕೊಡ ನೀರು ಹೊಯ್ದರೇ ಅರ್ಧ ಸಮಸ್ಯೆ ಹೋಗುವುದುಂಟು. ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಎಕ್ಸ್‌ಟೆನ್ಷನ್‌ಗೆ ಹಾಕಿದ್ದರೆ ಮೊದಲು ಅದನ್ನು ಬದಲಿಸಿ.

ಮನೇಲಿ ಇನ್ವರ್ಟರ್ ಇದೆ. ಬೇರೆ ಯುಪಿಎಸ್ ಬೇಕಾ?

ಕರೆಂಟ್ ಹೋದಾಗ ಒಳ್ಳೆಯ ಎಸ್‌ಎಂಪಿಎಸ್ ಹದಿನೈದು ಮಿಲಿಸೆಕೆಂಡಿನ ಆಸುಪಾಸು ದಮ್ಮು ಹಿಡಿಯುತ್ತದೆ. ಅಷ್ಟರೊಳಗೆ ಇನ್ವರ್ಟರ್ ಕೈ ಹಿಡಿದರೆ ಪಿಸಿ ಆಫ್ ಆಗದು. ಹಲವು ಇನ್ವರ್ಟರ್‌ಗಳ ಹಿಂದೆ ‘ಯುಪಿಎಸ್ ಮೋಡ್’ ಎಂಬ ಸ್ವಿಚ್ ಇದೆ. ಅದನ್ನು ಹಾಕಿದರೆ ಬದಲಾಗುವ ಸಮಯ ಇಳಿಯುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ಪ್ರಯತ್ನಿಸಿ, ಸ್ಕ್ವೇರ್ ವೇವ್ ಆದರೆ ಬೇಡ. ಬೇರೆ ಯುಪಿಎಸ್ ಕೊಳ್ಳುವುದಾದರೆ ವಿಎ ಎಂಬುದು ವ್ಯಾಟ್ ಅಲ್ಲ ಎಂದು ನೆನಪಿಡಿ: 600 ವಿಎ ಎಂದರೆ ಸುಮಾರು 360 ವ್ಯಾಟ್. ಮಾನಿಟರ್ ಸೇರಿಸಿ ಲೆಕ್ಕ ಹಾಕಿದರೆ ಕಾರ್ಡಿರುವ ಪಿಸಿಗೆ 1000 ವಿಎ ಬೇಕಾಗುತ್ತದೆ.

ನಮ್ ರಾಯಚೂರಾಗ ಬ್ಯಾಸಗಿಗೆ 42 ಡಿಗ್ರಿ ಇರ್ತದ್ರಿ. ಎಸಿ ಇಲ್ಲ. ಸಿಸ್ಟಮ್ ತಡೀತದೇನ್ರಿ?

ತಡೀತದ್ರಿ, ಆದ್ರ ವ್ಯವಸ್ಥೆ ಬೇಕು. ಕೋಣೆ ಎಷ್ಟು ಡಿಗ್ರಿ ಬಿಸಿಯಾಗುತ್ತದೋ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ 68 ತೋರಿಸುವ ಕಾರ್ಡ್ ನಿಮ್ಮಲ್ಲಿ 85 ಮುಟ್ಟಿ, ತನ್ನ ವೇಗ ತಾನೇ ಇಳಿಸಿಕೊಳ್ಳಲು ಶುರುಮಾಡುತ್ತದೆ.

ಜಾಲರಿ ಕ್ಯಾಬಿನೆಟ್, ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಧೂಳು ತಡೆಯುವ ಫಿಲ್ಟರ್ ವಾರಕ್ಕೊಮ್ಮೆ ಬಡಿಯಿರಿ. ಆಮೇಲೆ ಖರ್ಚಿಲ್ಲದ ಎರಡು ಕೆಲಸ: ಮಾನಿಟರ್ 75 ಹರ್ಟ್ಸ್ ಆಗಿದ್ದರೆ ಆಟದ ಫ್ರೇಮ್ ರೇಟ್ 75ಕ್ಕೆ ಕಟ್ಟಿಹಾಕಿ, ಮತ್ತು ಕಾರ್ಡನ್ನು ಅಂಡರ್‌ವೋಲ್ಟ್ ಮಾಡಿ. ಎಎಂಡಿ ಕಾರ್ಡಿಗೆ ಅದರ ಡ್ರೈವರ್ ತಂತ್ರಾಂಶದಲ್ಲೇ, ಎನ್‌ವಿಡಿಯಾಕ್ಕೆ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಆಗುತ್ತದೆ. ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಆಟ ಮುಗ್ಗರಿಸುವಲ್ಲಿ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬನ್ನಿ. ನೀರಿನ ಕೂಲರ್ ಗಾಳಿಯನ್ನು ನೇರ ಕ್ಯಾಬಿನೆಟ್ಟಿಗೆ ತಿರುಗಿಸಬೇಡಿ, ತೇವ ಒಳಗೆ ಹೋಗುತ್ತದೆ.

ನಾವು ಮಂಗಳೂರಿನವರು ಮಾರಾಯ್ರೆ. ಉಪ್ಪು ಗಾಳಿ, ಸಿಡಿಲು ಎರಡೂ ಉಂಟು. ಎಂತ ಮಾಡುವುದು?

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೊಮ್ಮೆ ಆನ್ ಮಾಡುವುದು ಒಳ್ಳೆಯದು, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಹತ್ತಿ ಬಟ್ಟೆ ಸಾಕು. ಸಿಡಿಲಿನ ಸದ್ದು ಕೇಳಿದ ಕೂಡಲೇ ಪ್ಲಗ್ ಎಳೆಯಿರಿ, ಲ್ಯಾನ್ ಕೇಬಲ್ ಕೂಡ. ‘ನಮ್ಮದು ಫೈಬರ್, ಏನೂ ಆಗಲ್ಲ’ ಎನ್ನುತ್ತಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ನಿಜ, ಆದರೆ ಮೋಡೆಮ್‌ನ ಅಡಾಪ್ಟರ್ ಗೋಡೆಯ ಕರೆಂಟಿನಲ್ಲಿದೆ, ಅಲ್ಲಿಂದ ಪಿಸಿಗೆ ಬರುವ ಲ್ಯಾನ್ ತಾಮ್ರದ್ದು. ಇನ್ನು ಹಲ್ಲಿ: ಹಿಂಬದಿಯ ಖಾಲಿ ಸ್ಲಾಟ್‌ಗಳಿಗೆ ಮುಚ್ಚಳ ಹಾಕಿಸಿ. ಬೆಚ್ಚಗಿನ ಜಾಗ ಹುಡುಕಿ ಎಸ್‌ಎಂಪಿಎಸ್ ಒಳಗೆ ಹೋದ ಹಲ್ಲಿ ತಾನೂ ಸತ್ತು ಅದನ್ನೂ ಸಾಯಿಸುತ್ತದೆ.

## ಸ್ವಲ್ಪ ಕೈ ಪಳಗಿದವರಿಗೆ

ಎಲ್ಲಾ ಜೋಡಿಸಾಯ್ತು, ಆದ್ರೆ ಯೂಟ್ಯೂಬಲ್ಲಿ ತೋರಿಸಿದಷ್ಟು ಎಫ್‌ಪಿಎಸ್ ಬರ್ತಿಲ್ಲ. ಪಾರ್ಟ್ ಡೂಪ್ಲಿಕೇಟಾ?

ಅಂಗಡಿಯವನ ಮೇಲೆ ಹರಿಹಾಯುವ ಮುನ್ನ ಈ ಕ್ರಮದಲ್ಲಿ ನೋಡಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದ್ದೀರೋ ಗ್ರಾಫಿಕ್ಸ್ ಕಾರ್ಡಿಗೋ? ಕಾರ್ಡಿಗೇ ಇರಬೇಕು. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 60ಕ್ಕೇ ನಿಂತಿದೆಯೇ? ರ್‍ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿವೆಯೇ? ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ್‍ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಸೆಟ್ಟಿಂಗ್) ಹಾಕದಿದ್ದರೆ 3200ರ ರ್‍ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರುತ್ತದೆ. ಆರ್ಕ್ ಕಾರ್ಡಾದರೆ ರಿಸೈಜಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್‌ಗೆ ತೆರೆದುಕೊಡುವ ಬಯಾಸ್ ಸೆಟ್ಟಿಂಗ್) ಆನ್ ಇರಲೇಬೇಕು, ಇಲ್ಲದಿದ್ದರೆ ಅದು ಬಹಳ ಸೊರಗುತ್ತದೆ.

ಬಾಟಲ್‌ನೆಕ್ ಕ್ಯಾಲ್ಕುಲೇಟರ್ 18% ಅಂತ ತೋರಿಸ್ತು. ಪ್ರೊಸೆಸರ್ ಬದಲಿಸ್ಬೇಕಾ?

ಬಾಟಲ್‌ನೆಕ್ ಎಂದರೆ ನಿಧಾನದ ಒಂದು ಭಾಗ ಇನ್ನೊಂದನ್ನು ಕಟ್ಟಿಹಾಕುವುದು. ಜಾಲತಾಣ ತೋರಿಸುವ ಆ ಸಂಖ್ಯೆಗೆ ಅರ್ಥವಿಲ್ಲ. ಆಟ, ರೆಸಲ್ಯೂಶನ್, ಸೆಟ್ಟಿಂಗ್ ಬದಲಾದರೆ ಎಲ್ಲಿ ಕಟ್ಟುತ್ತದೆ ಎಂಬುದೂ ಬದಲಾಗುತ್ತದೆ. ಆಡುವಾಗ ಕಾರ್ಡಿನ ಬಳಕೆ ನೋಡಿ. 95%ರ ಮೇಲಿದ್ದರೆ ಕಾರ್ಡು ಪೂರ್ತಿ ದುಡಿಯುತ್ತಿದೆ. 60-70ರಲ್ಲಿ ಆಡುತ್ತಿದ್ದು ಫ್ರೇಮ್ ಕೂಡ ಸಾಲದಿದ್ದರೆ ಪ್ರೊಸೆಸರ್ ಅಥವಾ ರ್‍ಯಾಮ್ ಕಡೆ ತಿರುಗಿ.

ನನ್ನದು ಹಳೇ ಬಿ450. ಹೊಸ ಕಾರ್ಡ್ ಎಕ್ಸ್8 ಅಂತೆ, ನಷ್ಟ ಆಗುತ್ತಾ?

ಬಿ450 ಬೋರ್ಡಿನಲ್ಲಿರುವುದು ಪಿಸಿಐಇ 3.0, ಅಂದರೆ ಕಾರ್ಡು ಬೋರ್ಡಿಗೆ ಸೇರುವ ದಾರಿಯ ಹಳೇ ಪೀಳಿಗೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಎರಡೂ ಆ ದಾರಿಯ ಎಂಟೇ ಲೇನ್ (ಎಕ್ಸ್8 ಅಂದರೆ ಇದೇ) ಬಳಸುವ ಕಾರ್ಡುಗಳು. 4.0 ಬೋರ್ಡಿನಲ್ಲಿ ಸೆಕೆಂಡಿಗೆ 16 ಜಿಬಿಯ ಹತ್ತಿರ ಹರಿಯುವ ದಾರಿ ನಿಮ್ಮಲ್ಲಿ 8ಕ್ಕೆ ಇಳಿಯುತ್ತದೆ. ಕಾರ್ಡಿನ ಮೆಮೊರಿ ತುಂಬದಿರುವವರೆಗೆ ನಷ್ಟ ಕೆಲವೇ ಫ್ರೇಮ್. ತುಂಬಿ ರ್‍ಯಾಮಿಗೆ ಚೆಲ್ಲಿದಾಗ ತಡವರಿಕೆ ಶುರುವಾಗುತ್ತದೆ, ಟೆಕ್ಸ್‌ಚರ್ ಇಳಿಸಿದರೆ ಸರಿಹೋಗುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಮಾತ್ರ ಇಂಥ ಬೋರ್ಡಿಗೆ ಬೇಡವೇ ಬೇಡ: ನಾಲ್ಕೇ ಲೇನ್, ನಾಲ್ಕೇ ಜಿಬಿ.

ಹಳೇ ಎಸ್‌ಎಸ್‌ಡಿ ಹೊಸ ಬೋರ್ಡಿಗೆ ಹಾಕಿದೆ. ವ್ಯಾಲರೆಂಟ್ ತೆರೀತಿಲ್ಲ, ಸೆಕ್ಯೂರ್ ಬೂಟ್ ಅಂತಿದೆ.

ವಿಂಡೋಸ್ 11ರಲ್ಲಿ ಆ ಆಟ ಟಿಪಿಎಂ 2.0 (ಭದ್ರತೆಯ ಚಿಪ್ಪು) ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶದಿಂದ ಮಾತ್ರ ಪಿಸಿ ಶುರುವಾಗುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಬಯಾಸ್‌ನಲ್ಲಿ ಟಿಪಿಎಂ ಅನ್ನು ಎಎಂಡಿ ‘ಎಫ್‌ಟಿಪಿಎಂ’, ಇಂಟೆಲ್ ‘ಪಿಟಿಟಿ’ ಎಂದು ಕರೆಯುತ್ತವೆ. ಹಳೇ ಡಿಸ್ಕು ಎಂಬಿಆರ್ ಎಂಬ ಹಳೆಯ ವಿಭಾಗ ವಿಧಾನದಲ್ಲಿದ್ದರೆ ಮೊದಲು ಹೊಸ ವಿಧಾನವಾದ ಜಿಪಿಟಿಗೆ ಬದಲಿಸಿ. ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಡೇಟಾ ಅಳಿಸದೆ ಆ ಕೆಲಸ ಮಾಡುತ್ತದೆ. ಆದರೂ ಬ್ಯಾಕಪ್ ತೆಗೆದುಕೊಂಡೇ ಕೈ ಹಾಕಿ. ಜಿಪಿಟಿ ಆಗದೆ, ಸೆಕ್ಯೂರ್ ಬೂಟ್‌ಗಾಗಿ ಸಿಎಸ್‌ಎಂ (ಹಳೇ ರೀತಿಯ ಬೂಟ್‌ಗೆ ಬಯಾಸ್‌ನಲ್ಲಿರುವ ಸೆಟ್ಟಿಂಗ್) ಆಫ್ ಮಾಡಿದರೆ ಪಿಸಿ ಬೂಟೇ ಆಗುವುದಿಲ್ಲ.

ಎಎಂ4 ಮುಗಿದ ಕಥೆ ಅಂತಾರೆ. ಈಗ ಅದಕ್ಕೆ ದುಡ್ಡು ಹಾಕೋದು ದಂಡನಾ?

ಎಎಂ5 2022ರ ಸೆಪ್ಟೆಂಬರ್‌ನಲ್ಲಿ ಬಂತು, 2027ರವರೆಗಾದರೂ ಅದಕ್ಕೆ ಬೆಂಬಲ ಇರುತ್ತದೆಂದು ಎಎಂಡಿ ಹೇಳಿದೆ. ಬೋರ್ಡ್ ಉಳಿಸಿಕೊಂಡು ಎರಡು-ಮೂರು ವರ್ಷದ ಮೇಲೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದರೆ 7500ಎಫ್ ಅಥವಾ 7600ಕ್ಕೆ ಹೋಗಿ. ಆದರೆ ಬಜೆಟ್ ಪಿಸಿ ಕೊಳ್ಳುವವರಲ್ಲಿ ಹೆಚ್ಚಿನವರು ಪ್ರೊಸೆಸರ್ ಬದಲಿಸುವುದೇ ಇಲ್ಲ, ಐದಾರು ವರ್ಷ ಅದನ್ನೇ ಓಡಿಸಿ ಆಮೇಲೆ ಪೂರ್ತಿ ಸಿಸ್ಟಮ್ ತಮ್ಮನಿಗೆ ದಾಟಿಸುತ್ತಾರೆ. ಅಂಥವರಿಗೆ ಡಿಡಿಆರ್5 ಮತ್ತು ಹೊಸ ಬೋರ್ಡಿಗೆ ಹೆಚ್ಚುವರಿ ಕೊಡುವ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಎನ್ನುತ್ತೇನೆ. ಇಂದಿನ ರ್‍ಯಾಮ್ ರೇಟಿನಲ್ಲಿ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಬರೆಸಿ ನೋಡಿ; ವ್ಯತ್ಯಾಸದ ದುಡ್ಡಿನಲ್ಲಿ ಕಾರ್ಡು 8 ಜಿಬಿಯಿಂದ 12ಕ್ಕೆ ಏರುವಂತಿದ್ದರೆ ಎಎಂ4 ತಗೊಳ್ಳಿ.